ಚಿಗವ್ವನ ಬಾಯಿಗೆ ಬಿದ್ದ ಎಲುಬು

ಸಿಟ್ಟು ಬಂದರೆ ಸಾಲದು, ಬೈಯಲು ಎದುರಿಗೆ ಒಬ್ಬ ಮನುಷ್ಯನೂ ಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿ ಇದ್ದಾಳೆ. ಬೈದ ಮೇಲೆ ಏನಾಗುತ್ತದೆ ಎಂಬುದು ಬೇರೆ ಮಾತು. ಬಸ್ಸು ತಡವಾದರೆ ಕಂಡಕ್ಟರ್ ಇದ್ದಾನೆ. ಕರೆಂಟು ಹೋದರೆ ಲೈನ್‌ಮನ್ ಇದ್ದಾನೆ, ಫೋನು ಎತ್ತುವುದಿಲ್ಲವಾದರೂ ಇದ್ದಾನೆ. ಆದರೆ ಎಲುಬು ತೊಗಲು ಕುದಿಸಿ ಅಂಟು ತೆಗೆದು, ಅದಕ್ಕೆ ದ್ರಾಕ್ಷಿಯ ಬಣ್ಣ ಕೊಟ್ಟು, ಮೇಲೆ ಸಕ್ಕರೆ ಉದುರಿಸಿ, ಮಿಠಾಯಿ ಎಂದು ಹೆಸರಿಟ್ಟು ಆಳಂದದವರೆಗೂ ಕಳಿಸಿಕೊಟ್ಟ ಪುಣ್ಯಾತ್ಮನನ್ನು ನಾನು ಎಲ್ಲಿ ಹುಡುಕಿ ಬೈಯಲಿ? ಅವನಿಗೆ ಮುಖವಿಲ್ಲ, ಊರಿಲ್ಲ. ಇರುವುದು ಸಾಸಿವೆಕಾಳಿನಷ್ಟು ದಪ್ಪದ ಅಕ್ಷರ ಮಾತ್ರ.

ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಜೇವರ್ಗಿಯಾಕೆ. ನಾನು ಮಾತು ಕಲಿತದ್ದೇ ಅವಳ ಬಾಯಿಂದ, ಬೈಗುಳ ಸಮೇತ. ದೀಕ್ಷೆ ಪಡೆದವಳು, ಕೊರಳಲ್ಲಿ ಲಿಂಗ, ಏನು ತಿಂದರೂ ಮೊದಲು ಲಿಂಗಕ್ಕೆ ತೋರಿಸಿಯೇ ತಿನ್ನಬೇಕು. ಅವಳ ನೇಮದ ಬಗ್ಗೆ ನಮ್ಮ ಬಳಗದಲ್ಲಿ ಒಂದು ಕತೆಯೇ ಇದೆ. ನೆಂಟರ ಹುಡುಗನಿಗೆಂದು ಅಫಜಲಪುರಕ್ಕೆ ಕನ್ಯೆ ನೋಡಲು ಹೋದಾಗ ಕನ್ಯೆಯ ಮನೆಯ ಹಿತ್ತಿಲಲ್ಲಿ ಒಂದು ತತ್ತಿಯ ಚಿಪ್ಪು ಬಿದ್ದಿತ್ತಂತೆ. ಬಸಿಯಲ್ಲಿ ಸುರುವಿದ ಚಹಾ ಹಾಗೇ ಬಿಟ್ಟು ಎದ್ದು ಬಂದಳು, ಸಂಬಂಧ ಮುರಿಯಿತು. ಆ ಚಿಪ್ಪು ಹಲ್ಲಿಯದೂ ಆಗಿರಬಹುದಿತ್ತು. ವಿಚಾರಿಸುವಷ್ಟು ತಾಳ್ಮೆ ಯಾರಿಗಿತ್ತು? ಅಂದಿನಿಂದ ಪರರು ಬೇಯಿಸಿದ್ದನ್ನು ಆಕೆ ಮುಟ್ಟುವುದಿಲ್ಲ. ಆದರೆ ಒಣ ಪದಾರ್ಥಕ್ಕೆ ದೋಷವಿಲ್ಲ ಎಂಬುದು ಅವಳ ಕಾನೂನು. ಪುಠಾಣಿ, ಚುರುಮುರಿ, ಬೆಂಡು, ಬತ್ತಾಸು ಎಲ್ಲ ನಡೆಯುತ್ತದೆ.

ಈ ಒಣ ಕಾನೂನಿನ ಬಾಗಿಲಿನಿಂದಲೇ ಜೆಲ್ಲಿ ಮಿಠಾಯಿ ಒಳಗೆ ಬಂದದ್ದು. ಚಿಗವ್ವನಿಗೆ ಹಲ್ಲಿಲ್ಲ. ಕಟ್ಟಿಸಿಕೊಡುತ್ತೇನೆಂದರೆ, "ಯಾರ ಬಾಯಾಗಿನ ಹಲ್ಲೋ ಏನೋ, ನಾ ಒಲ್ಲೆಪ್ಪ" ಎಂದಳು. ಹೀಗಾಗಿ ಒಮ್ಮೆ ಬಸ್ ಸ್ಟ್ಯಾಂಡಿನ ಮಲ್ಲಣ್ಣನ ಅಂಗಡಿಯಿಂದ ಮೆತ್ತನೆಯ ಜೆಲ್ಲಿ ಒಯ್ದು ಕೊಟ್ಟೆ. ಲಿಂಗಕ್ಕೆ ತೋರಿಸಿದಳು, ಬಾಯಲ್ಲಿ ಹಾಕಿಕೊಂಡಳು, ಕಣ್ಣು ಮುಚ್ಚಿದಳು. "ಇದು ಭಾಳ ಛಲೋ ಅದ ನೋಡು. ಕಡಿಯೂ ಕೆಲಸಿಲ್ಲ, ತಾನೇ ಕರಗತದ." ಅಂದಿನಿಂದ ಜೇವರ್ಗಿಗೆ ಹೋದಾಗೆಲ್ಲ ಒಯ್ದೆ, ವರ್ಷಗಟ್ಟಲೆ ಒಯ್ದೆ. ಮಲ್ಲಣ್ಣ ಬರಣಿಯಿಂದ ತೆಗೆದು ಹಾಳೆಯಲ್ಲಿ ಸುತ್ತಿ ಕೊಡುತ್ತಿದ್ದ.

ಈ ಶ್ರಾವಣಕ್ಕೆ ಚಿಗವ್ವ ತಾನೇ ಆಳಂದಕ್ಕೆ ಬಂದಳು. ತಿಂಗಳಿಡೀ ಇರುವವಳೆಂದು ನಾನು ದೊಡ್ಡ ಮನಸ್ಸು ಮಾಡಿ ಇಡೀ ಪಾಕೀಟನ್ನೇ ತಂದೆ. ಹೆಂಡತಿ ನೀಲಮ್ಮ ತಾರೀಖು ನೋಡಲೆಂದು ಚಸ್ಮಾ ಏರಿಸಿದವಳು ಅಲ್ಲೇ ನಿಂತಳು.

"ಏನ್ರಿ ಇದು? ಹಸರ ಚುಕ್ಕಿನೇ ಇಲ್ಲಲ್ಲ?"

"ಬಿಸಿಲಿಗೆ ಬಣ್ಣ ಹೋಗಿರಬೇಕು."

"ಬಣ್ಣ ಹೋದರ ಚುಕ್ಕಿ ತ್ರಿಕೋನ ಆಗತದ ಏನ್ರಿ?"

ನೋಡಿದೆ. ಕಂದು ಬಣ್ಣದ ತ್ರಿಕೋನ, ಮಾಂಸಾಹಾರದ ಗುರುತು. ಭೂತಗನ್ನಡಿ ತಂದು ಓದಿದೆ: ಜೆಲಟಿನ್. ಯಾವ ಪ್ರಾಣಿಯದು ಎಂದು ಬರೆಯುವ ಸೌಜನ್ಯವೂ ಇರಲಿಲ್ಲ. ತತ್ತಿಯ ಚಿಪ್ಪು ಕಂಡು ಸಂಬಂಧ ಮುರಿದವಳ ಲಿಂಗಕ್ಕೆ ವರ್ಷಗಟ್ಟಲೆ ನಾನು ಎಲುಬಿನ ನೈವೇದ್ಯ ಮಾಡಿಸಿದ್ದೆ.

ಮೊದಲು ಓಡಿದ್ದು ಮಲ್ಲಣ್ಣನ ಅಂಗಡಿಗೆ. "ಬರಣಿಗೆ ಸುರುವೂಮುಂದ ಪಾಕೀಟಿನ ಮ್ಯಾಲ ಏನ್ ಬರ್ದಾರಂತ ನೋಡಂಗಿಲ್ಲೇನೋ?" ಎಂದು ಕೂಗಾಡಿದೆ. ಅವ ತಣ್ಣಗೆ ಹೇಳಿದ: "ಪಾಕೀಟು ಯಾರ್ ತಿಂತಾರ್ರಿ ಸಾಹೇಬ್ರ? ಒಳಗಿಂದು ತಿಂತಾರ. ಖುಲ್ಲಾ ಮಾಲಿಗೆ ಚುಕ್ಕಿ ಎಲ್ಲಿಂದ ತರ್ಲಿ? ಒಂದೊಂದು ಜೆಲ್ಲಿಗೂ ಕುಂಕುಮ ಹಚ್ಚಲೇನು?"

ಕಚೇರಿಯಲ್ಲಿ ಪಕ್ಕದ ಮೇಜಿನ ಮಿಲಿಂದನ ಮುಂದೆ ಹೊಟ್ಟೆಯ ಸಂಕಟ ತೋಡಿಕೊಂಡೆ. ಕಡಗಂಚಿಯ ಬೌದ್ಧರ ಮನೆಯವ, ನನ್ನ ಹಳೆಯ ಗೆಳೆಯ. ಅವನ ಡಬ್ಬಿಯಲ್ಲಿ ಮಾಂಸವಿದ್ದ ದಿನ ನಾನು ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಳ್ಳುತ್ತೇನೆ. ಅದು ಅವನಿಗೂ ಗೊತ್ತು. ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಲೇ ಶರಣ್ಯಾ, ನಾವು ತಿನ್ನೂದು ತಾಟಿನ್ಯಾಗ ಕಾಣತದ. ನೀವು ತಿನ್ನೂದು ಭೂತಗನ್ನಡಿಯಾಗ ಕಾಣತದ. ಇಷ್ಟೇ ಫರಕು! ಇನ್ನ ಕುರ್ಚಿ ಈ ಕಡೆ ಎಳಿ."

ಅಷ್ಟಕ್ಕೇ ಬಿಡಲಿಲ್ಲ. ಕೆಲವು ಕೆಂಪು ಬಣ್ಣವನ್ನು ಹುಳ ಅರೆದು ತೆಗೆಯುತ್ತಾರೆ, ಕೆಲವು ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ, ಪೇಡೆಯ ಮೇಲಿನ ಬೆಳ್ಳಿಯ ವರಖನ್ನು ಹಿಂದೆ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು ಎಂದು ಒಂದೊಂದನ್ನೇ ಮೊಬೈಲಿನಲ್ಲಿ ತೆಗೆದು ತೋರಿಸಿದ. ಸಿಟ್ಟು ನೆತ್ತಿಗೇರಿತು. ಮಾಂಸ ಮಾರುವವನು ಎದುರಿಗೇ ನೇತುಹಾಕಿ ಮಾರುತ್ತಾನೆ, ಅವನದು ಮರ್ಯಾದೆಯ ವ್ಯಾಪಾರ. ಇವರಿಗೇನು ಧಾಡಿ? ಮೇಲೆ ದ್ರಾಕ್ಷಿಗೊಂಚಲಿನ ಚಿತ್ರ ಹಾಕುವ ಬದಲು ಒಂದು ಎಲುಬಿನ ಚಿತ್ರ ಹಾಕಿದ್ದರೆ ಕೈ ಸೇದಿಹೋಗುತ್ತಿತ್ತೇ? ಮನೆಗೆ ಬಂದವನೇ ಅಡುಗೆಮನೆಯ ಪಾಕೀಟುಗಳನ್ನೆಲ್ಲ ಕೆಳಗಿಳಿಸಿ ತನಿಖೆಗೆ ಕುಳಿತೆ. ನೀಲಮ್ಮ, "ಉಪ್ಪಿನ ಪಾಕೀಟು ಬಿಡ್ರಿ, ಒಗ್ಗರಣಿ ಹೊತ್ತಾಕತ್ತದ" ಎಂದಳು.

ಇತ್ತ ಚಿಗವ್ವನಿಗೆ ಏನು ಹೇಳುವುದು? "ಹೇಳಬ್ಯಾಡ್ರಿ" ಎಂದಳು ನೀಲಮ್ಮ. "ತತ್ತಿ ಚಿಪ್ಪಿಗೆ ಚಹಾ ಬಿಟ್ಟಾಕಿ, ಇದಕ್ಕ ಅನ್ನನೇ ಬಿಟ್ಟರ? ಈ ವಯಸ್ಸಿನಾಗ ಮುದುಕಿ ಉಪಾಸ ಬಿದ್ದರ ಉಳಿತಾಳೇನ್ರಿ?" ಮಾತು ಖರೆ. ಇನ್ನು ಮುಂದೆ ನನ್ನ ಮನೆಯಲ್ಲಿ ಆಕೆ ನೀರೂ ಮುಟ್ಟದೆ ಹೋದರೆ? ನನ್ನನ್ನು ಎತ್ತಿ ಆಡಿಸಿದ ಕೈ ಅದು. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಚಿಗವ್ವ ಮುಚ್ಚಬೇಕಲ್ಲ?

"ಯಾಕೋ ತಮ್ಮಾ, ಆ ಮೆತ್ತಂದು ತರ್ಲಿಲ್ಲ?"

"ಅಂಗಡಿ ಬಂದ್ ಅದ ಚಿಗವ್ವ."

"ಆಳಂದಕ್ಕೆಲ್ಲ ಒಂದೇ ಅಂಗಡಿ ಏನು?"

ಮರುದಿನ ಮಾಲು ಬಂದಿಲ್ಲ ಎಂದೆ. ಮತ್ತೊಂದು ದಿನ ಅದನ್ನು ಮಾಡುವುದೇ ಬಿಟ್ಟಿದ್ದಾರೆ ಎಂದೆ. ಪ್ರತಿಸಲವೂ ಆಕೆ ನಂಬಿದಳು. ಹಾಗೆ ನಂಬಿದ್ದೇ ನನ್ನನ್ನು ಚುಚ್ಚಿತು. ಆ ಕಂಪನಿಯವನು ಸಣ್ಣಕ್ಷರದಲ್ಲಾದರೂ ಬರೆದಿದ್ದ. ನಾನು ಅದನ್ನೂ ಬರೆದಿರಲಿಲ್ಲ.

ಕೊನೆಗೆ ಒಂದು ಸಂಜೆ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಚಿಗವ್ವ ಎದ್ದು ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಊಟಕ್ಕೆ ಕರೆದರೆ ಬರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೀಲಮ್ಮ ನನ್ನನ್ನು ನೋಡಿದ ನೋಟಕ್ಕೆ ನನಗೂ ಅನ್ನ ಇಳಿಯಲಿಲ್ಲ.

ಬೆಳಿಗ್ಗೆ ಚಿಗವ್ವ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತಳು. ಎಂದಿಗಿಂತ ಬಹಳ ಹೊತ್ತು ಕುಳಿತಳು. ಮುಗಿಸಿ ಎದ್ದು, ವಿಭೂತಿ ಹಚ್ಚಿಕೊಂಡ ಮುಖದಲ್ಲಿ ನನ್ನ ಕಡೆ ತಿರುಗಿದಳು.

"ನಾ ಪ್ರತಿ ಸಲ ಲಿಂಗಕ್ಕ ತೋರ್ಸೇ ತಿಂದೀನಿ. ಅವ ಬ್ಯಾಡ ಅನ್ನಲಿಲ್ಲ. ನನಗ ಓದಾಕ ಬರಂಗಿಲ್ಲ, ಅವನೂ ಸಾಲಿ ಕಲ್ತಾವಲ್ಲ. ಅಕ್ಷರ ಕಲ್ತಾವ ನೀ ಒಬ್ಬನೇ ಇದ್ದಿ. ಪಾಪ ನಿನ್ನ ತಲಿಮ್ಯಾಲ."

"ಚಿಗವ್ವ, ಆ ಕಂಪನಿಯವ..."

"ಕಂಪನಿಯವ ನನಗೇನ್ ಚಿಗವ್ವ ಅಂದಿದ್ದನೇನು? ನೀ ತಂದಿ, ನಾ ತಿಂದೆ. ಬಾಯಾಗ ಏನ್ ಹೋಗತದ ತಿಳೀಬೇಕಂದ್ರ ಕನ್ನಡಿ ಹಿಡೀಬಾರ್ದು, ಸೌಟು ಹಿಡೀಬೇಕು. ಹೂಂ, ಗೋಧಿ ನೆನಿ ಹಾಕು. ಅಂಥಾದ್ದೇ ಮೆತ್ತಂದು ನೀನೇ ಮಾಡಿಕೊಡು."

ಇದು ನನ್ನ ಪ್ರಾಯಶ್ಚಿತ್ತ. ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಅಫಜಲಪುರದ ಕಡೆಯ ಬೆಲ್ಲ ಹಾಕಿ ಒಲೆಯ ಮುಂದೆ ತಿರುವುತ್ತ ನಿಂತೆ. ಚಿಗವ್ವ ಹೊಸ್ತಿಲ ಮೇಲೆ ಕುಳಿತು, "ತಿರುವಲೇ, ತಳ ಹಿಡೀತದ! ಕೈ ಏನ್ ಬಾಡಗಿಗೆ ತಂದೀಯೇನು?" ಎನ್ನುತ್ತಿದ್ದಳು. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಅದು ಗಟ್ಟಿಯಾಯಿತು. ತಾಟಿಗೆ ತುಪ್ಪ ಸವರಿ ಸುರುವಿ, ಆರಿದ ಮೇಲೆ ಚೌಕವಾಗಿ ಕೊಯ್ದು ಕೊಟ್ಟೆ. ಲಿಂಗಕ್ಕೆ ತೋರಿಸಿದಳು, ಬಾಯಿಗೆ ಹಾಕಿಕೊಂಡಳು. ಒಸಡಿನ ನಡುವೆ ಅತ್ತ ಇತ್ತ ಹೊರಳಿಸಿದಳು.

"ಹೆಂಗದ ಚಿಗವ್ವ?"

"ಛಲೋ ಅದ." ಸುಳ್ಳು ಹೇಳಲು ಬಾರದ ಆ ಬಾಯಿ ಮತ್ತೆ ತೆರೆಯಿತು: "ಆದ್ರ ಅದರಂಗ ಆಗಿಲ್ಲ ಬಿಡು."

ನೀಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನನಗೆ ಸಿಟ್ಟು ಬಂತು ನೋಡಿ! ಮೋಸ ಗೊತ್ತಾದ ದಿನವೂ ಅಂಥ ಸಿಟ್ಟು ಬಂದಿರಲಿಲ್ಲ. ಮಿಠಾಯಿಯಲ್ಲಿ ಎಲುಬು ಹಾಕಿದ್ದಾರೆ ಎಂಬುದು ಮರೆತೇಹೋಗಿ, ಅದೇನು ಹಾಕಿ ಅಷ್ಟು ಮೆತ್ತಗೆ ಮಾಡುತ್ತಾನೆ ಆ ಮಗ ಎಂದು ಹಲ್ಲು ಕಡಿಯುತ್ತ ನಾನು ಮತ್ತೆ ಗೋಧಿ ನೆನೆಹಾಕಿದೆ.