ಹೊಳಿಯವ್ವನ ಅಂಗಳದ ಜೀಪು

ನಮ್ಮವರಿಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವೂ ಇಲ್ಲ. ಇದ್ದಿದ್ದರೆ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ಅವರಿಗಿರುವುದು ವಿಚಾರ ಮಾಡುವ ಚಟ. ಇದಕ್ಕೆ ಹಾವೇರಿ ಜಿಲ್ಲೆಯ ಯಾವ ಡಾಕ್ಟರರ ಹತ್ತಿರವೂ ಗುಳಿಗೆ ಇಲ್ಲ.

ವೀರೇಂದ್ರ ಎಂಬ ನಾಮಧೇಯದ ಈ ಮಹಾಶಯರು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳಕೆ ಬರುತ್ತದೋ ಇಲ್ಲವೋ ಎಂದು ಕಾಯುತ್ತ ಕೂರುವುದೇ ಅವರ ಉದ್ಯೋಗ. ಆ ಅಭ್ಯಾಸವನ್ನು ಸಂಜೆ ಮನೆಗೂ ಹೊತ್ತು ತರುತ್ತಾರೆ. ಮಿಕ್ಸರ್ ಕೊಳ್ಳಲು ಹೊರಟಾಗ ಅಂಗಡಿಯವನು ಅಂಗಡಿಯನ್ನೇ ಮಾರಿಕೊಂಡು ಊರು ಬಿಟ್ಟ, ಇವರ ವಿಚಾರ ಮುಗಿಯಲಿಲ್ಲ. ಅಷ್ಟೇಕೆ, ನನ್ನನ್ನು ನೋಡಲು ಬ್ಯಾಡಗಿಗೆ ನಾಲ್ಕು ಸಲ ಬಂದಿದ್ದರು. ಕೊನೆಗೆ ನಮ್ಮಪ್ಪ, "ಹುಡುಗೀನ ನೋಡಾಕ ಬರಾಕತ್ತೀರೋ, ನಮ್ಮನಿ ಉಪ್ಪಿಟ್ಟು ತಿನ್ನಾಕ ಬರಾಕತ್ತೀರೋ?" ಎಂದು ಕೇಳಿದ ಮೇಲೆ 'ಹೂಂ' ಅಂದರು. (ಆ ಹೂಂ ಎರಡರಲ್ಲಿ ಯಾವುದಕ್ಕೆ ಎಂಬುದು ಇವತ್ತಿಗೂ ನನಗೆ ಖಾತ್ರಿಯಿಲ್ಲ.)

ಇಂಥವರ ಕಣ್ಣಿಗೆ ಕಳೆದ ವರ್ಷ ಐರಣಿಯಲ್ಲಿ ಒಂದು ಜೀಪು ಬಿತ್ತು. ಕಂಪನಿಯ ಹೊಲ ನೋಡಲು ಹೋದವರು ನೀರು ಕೇಳಲೆಂದು ಹೊಳಿಯವ್ವ ಎಂಬ ವಯಸ್ಸಾದ ಹೆಣ್ಣುಮಗಳ ಮನೆಗೆ ಹೋದರಂತೆ. ಅಂಗಳದ ಬೇವಿನ ಮರದ ಕೆಳಗೆ ಅದು ನಿಂತಿತ್ತು. ಆಕೆಯ ಗಂಡ ಹನುಮಪ್ಪ ಹಿಂದೆ ಯಾವುದೋ ಇಲಾಖೆಯ ಹರಾಜಿನಲ್ಲಿ ಹಿಡಿದ ಗಾಡಿ. ಅವನು ತೀರಿಕೊಂಡ ಮೇಲೆ ನಿಂತಲ್ಲಿಂದ ಅಲುಗಿಲ್ಲ.

"ಸುಧಾ, ಅದು ಸಾದಾ ಜೀಪಲ್ಲ. ರಸ್ತೆ ಇಲ್ಲದ ಕಡೆ ಹೋಗೂ ಗಾಡಿ," ಎಂದರು ಅವತ್ತು ರಾತ್ರಿ ಊಟಕ್ಕೆ ಕೂತಾಗ. "ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಬರತೈತಿ."

"ನಾಲ್ಕೂ ಗಾಲ್ಯಾಗ ಗಾಳಿ ಐತೇನ್ರಿ?"

"ಗಾಳಿ ಒಂದ ಇಲ್ಲ ನೋಡು."

"ಎಂಜಿನ್ನು ಚಾಲೂ ಆಕ್ಕೈತಿ?"

"ಅದೂ ಒಂದ ನೋಡಬೇಕು. ವಿಚಾರ ಮಾಡೂಣು."

ಅಲ್ಲಿಂದ ಶುರುವಾಯಿತು ಜೀಪಿನ ಸಾಪ್ತಾಹಿಕ ದರ್ಶನ. ಭಾನುವಾರ ಬೆಳಗಾದರೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಒರೆಸುವ ಅರಿವೆ ಹಿಡಿದು ಸ್ಕೂಟರ್ ಹತ್ತುವರು. ಸಂಜೆಗೆ ಹೊಳಿಯವ್ವನ ಕಡೆಯಿಂದ ಒಂದು ಚೀಲ ಬದನೆಕಾಯಿ ತಗೊಂಡು ಬರುವರು. ಜೀಪಿನ ಸುದ್ದಿ ಕೇಳಿದರೆ ಅದೇ ಉತ್ತರ, 'ವಿಚಾರ ಮಾಡೂಣು.'

ಇಲ್ಲಿ ನನ್ನ ಸಂಕಟವನ್ನೂ ಹೇಳಬೇಕು. ನಾನು ಮನೆಯಲ್ಲಿ ಕುಪ್ಪಸ ಹೊಲಿಯುತ್ತೇನೆ. ಎರಡು ಮಷೀನುಗಳು ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತಿವೆ. ಮನೆ ಮುಂದಿನ ಜಾಗದಲ್ಲಿ ತಗಡಿನ ಶೆಡ್ ಹಾಕಿಸಿ, ಅಲ್ಲಿಗೆ ಅವನ್ನು ಸಾಗಿಸಬೇಕೆಂದು ಚೀಟಿ ಕಟ್ಟಿ ದುಡ್ಡು ಕೂಡಿಸಿಟ್ಟಿದ್ದೆ. ಜೀಪು ಬಂದರೆ ನಿಲ್ಲುವುದು ಅದೇ ಜಾಗದಲ್ಲಿ, ಖರ್ಚಾಗುವುದು ಅದೇ ದುಡ್ಡು. ಆದ್ದರಿಂದ ಒಂದು ಭಾನುವಾರ ನಾನೂ ಸ್ಕೂಟರಿನ ಹಿಂದೆ ಹತ್ತಿ ಕೂತೆ. ಈ ವ್ಯವಹಾರವನ್ನು ಬೇರುಸಹಿತ ಕಿತ್ತುಹಾಕಿ ಬರುವುದೆಂದು ನಿರ್ಧಾರವಾಗಿತ್ತು.

ಜೀಪಿನ ಬಣ್ಣ ಯಾವುದೆಂದು ಹೇಳುವುದು ಕಷ್ಟ. ಮುಂಭಾಗದ ಮೇಲೆ ಹೀರೇಬಳ್ಳಿ ಹಬ್ಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನಮ್ಮವರು ಹೋದವರೇ ಅರಿವೆಯಿಂದ ಗಾಜು ಒರೆಸಿ, ಸ್ಟೀರಿಂಗ್ ಹಿಡಿದು ಕೂತರು. ಎದುರಿಗೆ ಇದ್ದದ್ದು ದನದ ಕೊಟ್ಟಿಗೆಯ ಗೋಡೆ. ಅದನ್ನೇ ನೋಡುತ್ತ ಕೂತವರ ಮುಖದಲ್ಲಿದ್ದ ಶಾಂತಿಯನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಹೊಳಿಯವ್ವ ಕಟ್ಟೆಯ ಮೇಲೆ ಚಾಪೆ ಹಾಸಿದಳು. "ಕುಂದರವ್ವ. ನಿಮ್ಮನಿಯವ್ರು ನಿನ್ನ ಸುದ್ದಿ ಭಾಳ ಹೇಳ್ತಾರ."

"ಏನಂತ ಹೇಳ್ತಾರ?"

"ನೀ ಬ್ಯಾಡ ಅಂತೀ ಅಂತ."

ನಾನು ಆಕೆ ಕೊಟ್ಟ ಚಹಾ ನುಂಗಿಕೊಂಡು ನೇರ ವಿಷಯಕ್ಕೆ ಬಂದೆ. "ಯವ್ವಾ, ಇವ್ರಿಗೆ ಎಷ್ಟು ರೇಟ್ ಹೇಳೀರಿ?"

"ಅವ್ರು ಕೇಳೇ ಇಲ್ಲಲ್ಲವ್ವ."

ವರ್ಷವಿಡೀ ಬಂದು ಹೋದ ಮನುಷ್ಯ ರೇಟನ್ನೇ ಕೇಳಿಲ್ಲ. ನನ್ನ ತಲೆಯಲ್ಲಿ ಅಪ್ಪನ ಮೆಣಸಿನಕಾಯಿ ವ್ಯಾಪಾರ ಎದ್ದು ಕೂತಿತು. ತೀರಾ ಕಡಿಮೆಗೆ ಕೇಳಿದರೆ ಸ್ವಾಭಿಮಾನಿ ರೈತ ಚೀಲದ ಬಾಯಿ ಕಟ್ಟಿಕೊಂಡು ಹೊರಟುಬಿಡುವುದನ್ನು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಚಿಕ್ಕಂದಿನಿಂದ ಕಂಡಿದ್ದೇನೆ. ಮುದುಕಿಗೂ ಸಿಟ್ಟು ಬರಲಿ, ನಮ್ಮನ್ನು ಅಂಗಳದಿಂದ ಆಚೆ ಹಾಕಲಿ. ನಾನು ರೇಟ್ ಕೇಳಿದೆ, ಆಕೆ ಹೇಳಿದಳು. ಅದರ ಕಾಲುಭಾಗಕ್ಕೂ ಕಡಿಮೆ, ಗುಜರಿಯವನೂ ಹೇಳಲು ನಾಚಿಕೊಳ್ಳುವಂಥ ಒಂದು ಅಂಕಿಯನ್ನು ನಾನು ಎದುರಿಗಿಟ್ಟೆ.

ಹೊಳಿಯವ್ವ ಸೆರಗಿನಿಂದ ಕೈ ಒರೆಸಿಕೊಂಡು ಜೀಪಿನ ಕಡೆ ಸ್ವಲ್ಪ ಹೊತ್ತು ನೋಡಿದಳು.

"ಅವ್ರು ಹೋದಾಗಿಂದ ಬಾಗಲಾ ತೆಗದ್ರ ಇದ ಕಣ್ಣಿಗೆ ಬೀಳತೈತಿ. ಬುಡಕ ಹಾವು ಬ್ಯಾರೆ ಸೇರ್ತಾವು. ಆತು, ಒಯ್ಯವ್ವ."

ಕೊಟ್ಟ ಮಾತಿನಿಂದ ಹಿಂದೆ ಸರಿದರೆ ನಮ್ಮಪ್ಪ ಮಾರ್ಕೆಟ್ಟಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ವ್ಯಾಪಾರ ಮುಗಿದಿತ್ತು.

ಸುದ್ದಿ ತಿಳಿದ ನಮ್ಮವರು ನನ್ನನ್ನು ಬಣವೆಯ ಹಿಂದೆ ಕರೆದುಕೊಂಡು ಹೋದರು. ಮುಖ ಬಿಳಿಚಿಕೊಂಡಿತ್ತು.

"ಹಿಂಗ್ಯಾಕ ಮಾಡಿದಿ ಸುಧಾ?"

"ನಿಮಗ ಬೇಕಾಗಿತ್ತಲ್ರಿ."

"ಬೇಕು ಅಂತ ಯಾವಾಗ ಅಂದೆ? ನೋಡಾಕತ್ತೇನಿ ಅಂದೆ. ನೋಡೂದು ಬ್ಯಾರೆ, ತಗೊಳ್ಳೂದು ಬ್ಯಾರೆ."

"ವರ್ಷಗಟ್ಲೆ ಯಾರರ ನೋಡ್ತಾರೇನ್ರಿ?"

ಅವರು ಬಣವೆಯಿಂದ ಒಂದು ಕಡ್ಡಿ ಕಿತ್ತು ಮುರಿಯುತ್ತ ನಿಂತರು. "ವಾರಾ ಎಲ್ಲಾ ಬೀಜ ಕಾಯ್ತೇನಿ. ನಾ ಬ್ಯಾಡ ಅಂದ್ರ ಕಂಪನಿ ಮಾಲು ಹೋತು. ಹೂಂ ಅಂದು ಹೊಲದಾಗ ಹುಟ್ಟಲಿಲ್ಲ ಅಂದ್ರ ರೈತ ಹೋದ. ಇಲ್ಲಿ ಬಂದ್ರ ಹೂಂ ಅನ್ನೂದೂ ಇಲ್ಲ, ಬ್ಯಾಡ ಅನ್ನೂದೂ ಇಲ್ಲ. ಸುಮ್ನ ಕುಂತಿರ್ತಿದ್ದೆ. ಈಗ ಅದನ್ನೂ ಖರೀದಿ ಮಾಡಿಬಿಟ್ಟಿ."

ಇಷ್ಟು ವರ್ಷದಲ್ಲಿ ಅವರು ತಮ್ಮ ಕೆಲಸದ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಹಾಗೇ ಸ್ಕೂಟರ್ ಹತ್ತಿ ವಾಪಸು ಬಂದೆವು. ಬದನೆಕಾಯಿ ಕೇಳುವುದನ್ನೂ ಮರೆತಿದ್ದೆವು.

ಬುಧವಾರ ಐರಣಿಯ ಮೈಲಪ್ಪ ತನ್ನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಜೀಪನ್ನು ಹೇರಿಕೊಂಡು ಬಂದ. ಗೇಟಿನೊಳಗೆ ಹಿಡಿಸಲಿಲ್ಲವೆಂದು ಒಂದು ಕಂಬ ಕಿತ್ತೆವು. ರಸ್ತೆ ಇಲ್ಲದ ಕಡೆಯೂ ಹೋಗಬಲ್ಲ ಆ ಮಹಾವಾಹನ ನನ್ನ ಶೆಡ್ಡಿನ ಜಾಗದಲ್ಲಿ ಪಟ್ಟಕ್ಕೇರಿತು. ಓಣಿಯ ಹೆಂಗಸರು ಕುಪ್ಪಸದ ಅಳತೆ ಕೊಡಲು ಅದರ ಪಕ್ಕ ಓರೆಯಾಗಿ ತೂರಿ ಬರಬೇಕಾಯಿತು. ಮೆಕ್ಯಾನಿಕ್ ಅಂಜಿನಪ್ಪ ಬಂದು ಬಾನೆಟ್ ತೆಗೆದು ನೋಡಿ, ಮೆಲ್ಲಗೆ ಮುಚ್ಚಿ ಹೋದ. ನಮ್ಮವರಂತೂ ಅದರತ್ತ ಕಣ್ಣೆತ್ತಿಯೂ ನೋಡದೆ ಕಂಪನಿಗೆ ಹೋಗಿಬರುತ್ತಿದ್ದರು. (ಮದುವೆಯಾಗಿ ಮನೆಗೆ ಬಂದ ಮೇಲೆ ನನ್ನ ಪರಿಸ್ಥಿತಿಯೂ ಹೀಗೇ ಆಗಿತ್ತು. ಇರಲಿ.)

ಭಾನುವಾರ ಬಂತು. ಗಂಡನ ಭಾನುವಾರ ಕೊನೆಗೂ ನನಗೆ ದಕ್ಕಿತು ಎಂದುಕೊಂಡಿದ್ದೆ. ಆದರೆ ಅವರು ಪೇಪರಿನ ಒಂದೇ ಹಾಳೆಯನ್ನು ಎರಡು ತಾಸು ಓದಿದರು. ಆಮೇಲೆ ಅಡುಗೆಮನೆಗೆ ಬಂದು, ಬೇಳೆಗೆ ಉಪ್ಪು ಈಗ ಹಾಕಬೇಕೋ ಆಮೇಲೆ ಹಾಕಬೇಕೋ ಎಂದು ನನ್ನ ಬೆನ್ನ ಹಿಂದೆ ನಿಂತು ವಿಚಾರ ಮಾಡತೊಡಗಿದರು. ನನಗೆ ಐರಣಿಯೇ ವಾಸಿ ಅನ್ನಿಸತೊಡಗಿದಾಗ ಗೇಟಿನ ಸದ್ದಾಯಿತು. ಕೈಚೀಲ ಹಿಡಿದು ಹೊಳಿಯವ್ವ ನಿಂತಿದ್ದಳು. ಬಸ್ಸಿಗೆ ಬಂದಿದ್ದಳು.

"ಏನಾತು ಯವ್ವಾ?"

"ಏನಿಲ್ಲವ್ವ. ಅಂಗಳ ಬೋಳಬೋಳ ಕಾಣಾಕತ್ತೈತಿ. ಬಾಗಲಾ ತೆಗದ್ರ ಬರೇ ಗೋಡಿ."

ಆಕೆ ಜೀಪಿಗೆ ಒಂದು ಸುತ್ತು ಬಂದಳು. ಸೆರಗಿನಿಂದ ಮುಂದಿನ ದೀಪ ಒರೆಸಿ, ಹತ್ತಿ ಎಡಗಡೆಯ ಸೀಟಿನಲ್ಲಿ ಕೂತಳು. ನಮ್ಮವರು ಯಾವಾಗ ಹೋದರೋ, ನಾನು ನೀರು ತರುವಷ್ಟರಲ್ಲಿ ಸ್ಟೀರಿಂಗ್ ಹಿಡಿದು ಪಕ್ಕದಲ್ಲಿದ್ದರು. ವಾರದಿಂದ ಕಾಣೆಯಾಗಿದ್ದ ಕಳೆ ಮುಖದಲ್ಲಿ ಮೂಡಿತ್ತು.

"ತಂಗಿ, ಇದನ್ನ ನನಗ ವಾಪಸ್ ಕೊಡ್ತೀಯೇನು?" ಎಂದಳು ಹೊಳಿಯವ್ವ.

ಕಣ್ಣ ಮುಂದೆ ತಗಡಿನ ಶೆಡ್ ಥಳಥಳ ಹೊಳೆಯಿತು. "ಒಯ್ರಿ ಯವ್ವಾ. ಕೊಟ್ಟಷ್ಟಕ್ಕ ಕೊಡ್ತೇನಿ, ಬೇಕಾದ್ರ ಇನ್ನೂ ಬಿಟ್ಟು ಕೊಡ್ತೇನಿ. ಮೈಲಪ್ಪಗ ಈಗ ಫೋನ್ ಹಚ್ತೇನಿ," ಎಂದು ಫೋನ್ ಕೈಗೆ ತೆಗೆದುಕೊಂಡೆ.

ಹೊಳಿಯವ್ವ ಜೀಪಿನ ಬಾಗಿಲನ್ನು ತಟ್ಟಿ ನೋಡಿದಳು. ಗಾಜಿನೊಳಗಿಂದ ನಮ್ಮ ಕಾಂಪೌಂಡ್ ಗೋಡೆಯನ್ನು ನೋಡಿದಳು. ಆಮೇಲೆ ನಮ್ಮವರ ಮುಖ ನೋಡಿದಳು.

"ಇಷ್ಟ ಲಗೂ ಯಾಕವ್ವ, ದೊಡ್ಡ ಗಾಡಿ ಐತಿ. ಮುಂದಿನ ಐತವಾರ ಬಂದು ಇನ್ನೊಮ್ಮೆ ನೋಡ್ತೇನಿ. ನಿಮ್ಮನಿಯವ್ರ ಜೋಡಿ ಕುಂತು ಸಾವಕಾಶ ವಿಚಾರ ಮಾಡಿದ್ರಾತು."

"ಹೌದ್ ನೋಡು, ಅವಸರ ಮಾಡಬಾರದು," ಎಂದರು ನಮ್ಮವರು. ಜೀವಮಾನದಲ್ಲಿ ಒಂದು ಮಾತನ್ನು ಅವರು ವಿಚಾರ ಮಾಡದೆ ಹೇಳಿದ್ದೆಂದರೆ ಅದೊಂದೇ.

ನಾನು ಫೋನ್ ಕೆಳಗಿಟ್ಟು, ಇನ್ನೊಬ್ಬರಿಗೆ ಅಕ್ಕಿ ತೊಳೆಯಲು ಒಳಗೆ ಹೋದೆ.