ಮಾವನ ಮಡಿಕೇರಿ ಹಾಲ್

ನಮ್ಮ ಸೋದರಮಾವ ಮಡಿಕೇರಿಯನ್ನೇ ಪಿರಿಯಾಪಟ್ಟಣಕ್ಕೆ ಹೊತ್ತು ತಂದ ಮಹಾನುಭಾವರು! ನಂಬದಿದ್ದರೆ ಅವರ ಮನೆಯ ಹಾಲ್ ನೋಡಿ ಬನ್ನಿ. ಹೋಗುವಾಗ ಒಂದು ಟವೆಲ್ ಜೊತೆಗಿರಲಿ.

ಇದಕ್ಕೆಲ್ಲ ಕಾರಣ ನಮ್ಮತ್ತೆ. ಮಡಿಕೇರಿಯಲ್ಲಿದ್ದ ಅವರ ತವರುಮನೆಯನ್ನು ಅಣ್ಣತಮ್ಮಂದಿರು ಹೋದ ವರ್ಷ ಮಾರಿಬಿಟ್ಟರು. ಅಂದಿನಿಂದ ಅತ್ತೆ ಆ ಊರಿನ ಹೆಸರೆತ್ತಿಲ್ಲ. ಹೇಗಾದರೂ ಮಾಡಿ ಅವರ ಬಾಯಲ್ಲಿ ಆ ಊರಿನ ಮಾತು ಬರಿಸಬೇಕೆಂದು ಮಾವನಿಗೆ ಹಟ. ಬೇರೆ ಗಂಡಸರಾಗಿದ್ದರೆ ಒಂದು ಸೀರೆ ತರುತ್ತಿದ್ದರು. ಇವರು ಬೆಟ್ಟದೂರಿನ ಮನೆಗಳ ಒಳಾಲಂಕಾರದ ವಿಡಿಯೊ ನೋಡುತ್ತಾ ಕೂತರು!

ಮೊದಲು ಆರ್‌ಸಿಸಿ ತಾರಸಿಯ ಕೆಳಗೇ ಇಳಿಜಾರಾದ ಹೆಂಚಿನ ಮಾಡು ಬಂತು. ಪಕ್ಕದ ಮನೆಯವರು ಕತ್ತೆತ್ತಿ ನೋಡಿ, "ಮನೆ ಒಳಗೂ ಮಳೆ ಉಯ್ತದಾ ಅಣ್ಣಾ?" ಎಂದರು. ಗೋಡೆಗೆ ಮರದ ಹಲಗೆ ಬಂತು. ನೆಲಕ್ಕೆ ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಯಿಂದ ಡ್ರ್ಯಾಗನ್ ಚಿತ್ರದ ರತ್ನಗಂಬಳಿ ಬಂತು. ಅದನ್ನು ತುಳಿಯಲು ಅಂಜಿ, ಬಂದವರೆಲ್ಲ ಗೋಡೆ ಹಿಡಿದುಕೊಂಡು ನಡೆದರು. ಅತ್ತೆ ಮಾತ್ರ ಅಡುಗೆಮನೆ ಬಾಗಿಲಲ್ಲೇ ನಿಂತು, "ಚೆನ್ನಾಗದೆ ಬುಡಿ" ಎಂದು ಒಳಗೆ ಹೋದರು.

ಹಾಗಾದರೆ ಫೈರ್‌ಪ್ಲೇಸೇ ಬೇಕು ಎಂದು ಮಾವ ಪಟ್ಟು ಹಿಡಿದರು! ಆದರೆ ನಮ್ಮ ಕಡೆ ಅದನ್ನು ಕಟ್ಟುವವರು ಯಾರಿದ್ದಾರೆ? ಹೊಗೆಸೊಪ್ಪನ್ನು ಕಾವಿನಲ್ಲಿ ಹದ ಮಾಡುವ ಬ್ಯಾರನ್ ಕೋಣೆ ಕಟ್ಟುವ ಮೇಸ್ತ್ರಿ ಸಿಕ್ಕಿದ.

"ರೂಮು ಬೆಚ್ಚಗಾಗ್ಬೇಕು, ಒಳಕ್ಕೆ ಹೊಗೆ ಬರ್ಬಾರ್ದು, ಅಷ್ಟೇ ತಾನೆ? ಅದೇ ನಮ್ ಕಸುಬು ಕಣಣ್ಣೋ!"

ಬ್ಯಾರನ್ನಿನಂತೆಯೇ ಕಟ್ಟಿದ. ಒಲೆಯ ಬಾಯಿ ಹಿತ್ತಲಲ್ಲಿ, ಕಾವಿನ ಕೊಳವೆ ಹಾಲ್‌ನ ಸುತ್ತ! ಒಳಗೆ ಕೂತವರಿಗೆ ಉರಿ ಕಾಣುವುದೇ ಇಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ಮಾವ ನೆಂಟರನ್ನೆಲ್ಲ ಕರೆದು ಒಲೆ ಹಚ್ಚಿಸಿದರು. ಕಾಫಿ ಬರುವಷ್ಟರಲ್ಲಿ ನಾವೆಲ್ಲ ಬೆವರಿ ತೊಪ್ಪೆ!

"ಲೇ, ಬಾಗ್ಲು ತಗೀರ್ಲಾ!" ಎಂದು ನಮ್ಮ ದೊಡ್ಡಪ್ಪ ಕೂಗಿದರು. "ಇನ್ನೊಂದ್ ಗಳಿಗೆ ಕೂತ್ರೆ ನಮ್ಮನ್ನೂ ಹೊಗೆಸೊಪ್ಪಿನಂಗೆ ಬೇಲ್ ಕಟ್ಟಿ ಹರಾಜಿಗೆ ಆಕ್ಬೋದು!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಅವರ ಕಣ್ಣು ಅತ್ತೆಯನ್ನು ಹುಡುಕುತ್ತಿತ್ತು. ಅತ್ತೆ ಅಡುಗೆಮನೆಯಲ್ಲೂ ಇರಲಿಲ್ಲ. ಮಾವನ ಹಿಂದೆಯೇ ನಾನೂ ಹಿತ್ತಲಿಗೆ ಹೋದೆ.

ಅತ್ತೆ ಒಲೆಯ ಬಾಯೆದುರು ಮಣೆ ಹಾಕಿಕೊಂಡು, ಎರಡೂ ಅಂಗೈಯನ್ನು ಉರಿಗೆ ಹಿಡಿದು ಕೂತಿದ್ದರು.

"ಮಡಿಕೇರಿ ಮನೇಲಿ ಬಚ್ಚಲೊಲೆ ಮುಂದೆ ನಾನೂ ಅವ್ವನೂ ಇಂಗೇ ಕೂರ್ತಿದ್ವಿ ಕಣ್ರೀ" ಎಂದು ಕಣ್ಣೊರೆಸಿಕೊಂಡರು.

ಮಾವ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಷ್ಟು ದಿನ ಅವರನ್ನು ನೋಡಿ ನಕ್ಕಿದ್ದ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಚಳಿ ಆಯ್ತದಾ?" ಎಂದು ಮಾವ ಕೇಳಿದರು.

"ಊಂ, ಒಸಿ."

ಒಳಗೆ ನೆಂಟರ ಬೊಬ್ಬೆ ಕೇಳುತ್ತಲೇ ಇತ್ತು. ಮಾವ ಇನ್ನೊಂದು ಸೌದೆಯನ್ನು ಒಲೆಗೆ ತಳ್ಳಿದರು.