ನ್ಯಾನೊ ಪುಡಿಯ ಫಜೀತಿಗಳು

ಕೊಳಕು ನೀರಿನ ಬೆನ್ನು ಹತ್ತಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಹಗಲುಗನಸು ಕಾಣುವವನು, ಹಾಗಾಗಿ ತುಸು ಹೆಚ್ಚೇ ಆದವು. ಎರಡು ಸಾವಿರದ ಇಸವಿ ದಾಟಿದ ಹೊಸತು. ಕಲಬುರಗಿಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಮಾಸ್ತರ. ಕಮಲಾಪುರದ ಹತ್ತಿರ ರದ್ದಿಯಿಂದ ಕಾಗದ ಮಾಡುವ ಕಾರ್ಖಾನೆಯ ಕಂದು ನೀರು ಹಳ್ಳಕ್ಕೆ ಬೀಳುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ನ್ಯಾನೊ ಪುಡಿ ಬೆರೆಸಿ ಬಿಸಿಲಿಗಿಟ್ಟರೆ ಆ ಬಣ್ಣ ಹೋಗುತ್ತದೆ ಎಂದು ನನ್ನ ನಂಬಿಕೆ. ನಮ್ಮೂರಲ್ಲಿ ಬಿಸಿಲಿಗೇನು ಬರ?

೧. ಕಷಾಯ

ಆ ನೀರಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಆಟೊ ಹತ್ತಿದೆ. ಗದ್ದಲದ ನಡುವೆಯೂ ನನ್ನ ಕಣ್ಣ ಮುಂದೆ ತಿಳಿಯಾದ ಹಳ್ಳ, ಅದರಲ್ಲಿ ಮೀನು. ಆಟೊದವನು ಮೂಗು ಮುಚ್ಚಿಕೊಂಡ.

"ಸಾಹೇಬ್ರ, ಡಬ್ಬಿನಾಗ ಏನದರಿ?"

"ಕಾಗದ ಕುದಿಸಿದ ನೀರು."

ಅವನು ಕನಿಕರದಿಂದ ತಿರುಗಿ ನೋಡಿದ. "ಯಾ ಹಕೀಮ ಕೊಟ್ಟಾನ್ರಿ ಈ ಕಷಾಯ? ಮೊದಲ ಅವಗ ಕುಡಸ್ರಿ!"

೨. ನಾನಾ

ನಮ್ಮ ಮನೆ ಜೇವರ್ಗಿ ಕಾಲೋನಿಯಲ್ಲಿ. ನನ್ನ ತಾಯಿಗೆ, ಆಯಿಗೆ, ಕನ್ನಡದಷ್ಟೇ ಮರಾಠಿಯೂ ಬರುತ್ತಿತ್ತು. ಅವಳ ಅಣ್ಣ, ಸೊಲ್ಲಾಪುರದ ನಾನಾ, ಬಂದು ವರ್ಷಗಳಾಗಿದ್ದವು. ಪುಡಿಯ ಪಾರ್ಸಲ್ ಬಂದಿದೆಯೆಂದು ಕಾಲೇಜಿನಿಂದ ಫೋನು ಬಂದಾಗ ಖುಷಿಯಲ್ಲಿ ಕೂಗಿದೆ: "ಆಯೀ, ನ್ಯಾನೊ ಬಂದದ! ಮನಿಗೇ ತರ್ತೀನಿ!"

ಮಧ್ಯಾಹ್ನ ಬಂದರೆ ಮನೆ ತುಂಬ ಹೋಳಿಗೆಯ ಘಮ. ಹೊಸ ಸೀರೆಯುಟ್ಟ ಆಯಿ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ?"

ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದೆ.

"ಅಯ್ಯ! ನಾನಾ ಇಷ್ಟ ಸೊರಗ್ಯಾನೇನೋ?"

೩. ಪರಾತದ ನೀರು

ನೀರು ಸುಧಾರಿಸದಿದ್ದರೆ ಕಾರ್ಖಾನೆಗೆ ಬೀಗ ಎಂದಿದ್ದ ಮಾಲಿನ್ಯ ಮಂಡಳಿಯ ಅಧಿಕಾರಿ ಪರೀಕ್ಷೆಗೆ ಬರುವ ದಿನ. ಪುಡಿ ಬೆರೆಸಿದ ನೀರನ್ನು ಬೆಳಗ್ಗೆಯೇ ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗಿಟ್ಟೆ. ಚಹದ ಬಣ್ಣ ಜೇನಿನ ಬಣ್ಣವಾಯಿತು, ಆಮೇಲೆ ಬಣ್ಣವೇ ಇಲ್ಲ. ಸೋಸಿ ಒಂದು ಸೀಸೆ ತುಂಬಿಟ್ಟು, ಉಳಿದದ್ದನ್ನು ಅಗಲ ತಟ್ಟೆಯಂಥ ಪರಾತಕ್ಕೆ ಸುರಿದೆ. ಅದರಲ್ಲಿ ಮೋಡಗಳು ತೇಲುತ್ತಿದ್ದವು. ನೋಡುತ್ತಾ ಬೇವಿನ ನೆರಳಲ್ಲಿ ಮಂಪರು ಹತ್ತಿತು.

ಕಣ್ಣು ಬಿಟ್ಟರೆ ಮೋಡವೂ ಇಲ್ಲ, ನೀರೂ ಇಲ್ಲ. ಎಮ್ಮೆಯೊಂದು ಪರಾತ ನೆಕ್ಕುತ್ತಿತ್ತು.

ಪಕ್ಕದ ಬಾಳೆತೋಟದ ಹೆಂಗಸು ಓಡಿ ಬಂದಳು. "ನನ್ನ ಎಮ್ಮಿಗಿ ಏನರ ಆದ್ರ ನಿಮ್ಮನ್ನ ಬಿಡಂಗಿಲ್ಲ, ಮಾಸ್ತರ್ರ!"

ಸೀಸೆಯ ನೀರು ನೋಡಿ ಅಧಿಕಾರಿ ಕಾರ್ಖಾನೆಗೆ ಇನ್ನಷ್ಟು ಕಾಲ ಕೊಟ್ಟರು. ಮಾಲೀಕರು ಪೇಡೆ ಹಂಚಿದರು. ನಾನು ಮಾತ್ರ ಎಮ್ಮೆಯ ಚಿಂತೆಯಲ್ಲಿ ನನ್ನ ಪೇಡೆಯನ್ನು ಜೇಬಿಗಿಟ್ಟುಕೊಂಡೆ. ಮರುದಿನ ಮೊದಲ ಬಸ್ಸಿಗೇ ಹೋಗಿ ಆ ತೋಟದಲ್ಲಿ ನಿಂತೆ.

"ಅಕ್ಕಾ, ಎಮ್ಮಿ ಆರಾಮದನ್ರಿ?"

"ಆಕಿಗೇನ್ ಧಾಡಿ ಆಗ್ಯದ!" ಅವಳು ಖಾಲಿ ಕೊಡವನ್ನು ನನ್ನ ಕೈಗಿಟ್ಟಳು. "ನಿನ್ನಿಯಿಂದ ಬಾವಿ ನೀರ್ ಮೂಸಿ ನೋಡವಲ್ಲಳು. ನಿಮ್ಮ ಪರಾತದ ನೀರೇ ಬೇಕಂತ. ಹೋಗ್ರಿ, ತುಂಬಕೊಂಡ ಬರ್ರಿ!"